ನೀಮೋಗೆ ಮನೆ ತರೋ ಮುಂಚೆ ಆರು ತಿಂಗಳು ತಾಳಿ

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡೋದರ ಬಗ್ಗೆ ಮಾತಾಡಿದ ಎಪಿಸೋಡ್ ಆದ್ಮೇಲೆ ನನಗೆ ಬಂದ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಇತ್ತು: "ನೀಮೋ ಮೀನು ತಂದಿದ್ದೀನಿ, ಅದು ಸಿನಿಮಾದಲ್ಲಿ ಒಂದು ಹೂವಿನ ಥರದ್ದರೊಳಗೆ ಇರುತ್ತಲ್ಲ, ಅದನ್ನೂ ತರಬಹುದಾ?" ತರಬಹುದು. ಆದ್ರೆ ಯಾವಾಗ ತರ್ತೀರಿ ಅನ್ನೋದರ ಮೇಲೆ ಅದರ ಜೀವ ನಿಂತಿದೆ.

ಮೊದಲನೇದಾಗಿ, ಅದು ಹೂವಲ್ಲ, ಗಿಡಾನೂ ಅಲ್ಲ. ಅದೊಂದು ಪ್ರಾಣಿ. ಹೆಸರು ಸೀ ಅನಿಮೋನ್. ಜೆಲ್ಲಿ ಫಿಶ್‌ಗೆ, ಹವಳಕ್ಕೆ ಸಂಬಂಧಿ. ಎಸಳುಗಳ ಹಾಗೆ ಕಾಣೋದು ಅದರ ಕುಟುಕುವ ತೋಳುಗಳು. ಇರೋದು ಒಂದೇ ಬಾಯಿ, ತಿನ್ನೋದೂ ಅದರಿಂದ, ಕಸ ಹೊರಹಾಕೋದೂ ಅದರಿಂದಲೇ. ಕೆಳಗೆ ಒಂದು ಪಾದ ಇದೆ. ಅದರಲ್ಲಿ ಕಲ್ಲನ್ನ ಹಿಡಿದು ಕೂರುತ್ತೆ. ಜಾಗ ಹಿಡಿಸದಿದ್ರೆ ಮೆಲ್ಲಗೆ ನಡ್ಕೊಂಡು ಬೇರೆ ಕಡೆ ಹೋಗುತ್ತೆ.

ಇದರ ಆಯಸ್ಸು ಎಷ್ಟಿರಬಹುದು? 1828ರಲ್ಲಿ ಸ್ಕಾಟ್ಲೆಂಡ್‌ನ ಜಾನ್ ಡ್ಯಾಲಿಯಲ್ ಅನ್ನೋ ನಿಸರ್ಗ ವಿಜ್ಞಾನಿ ಸಮುದ್ರತೀರದಿಂದ ಒಂದು ಅನಿಮೋನ್ ತಂದು ಗಾಜಿನ ಜಾಡಿಯಲ್ಲಿ ಸಾಕಿದರು. ಜನ ಅದಕ್ಕೆ 'ಗ್ರಾನಿ', ಅಂದ್ರೆ ಅಜ್ಜಿ ಅಂತ ಹೆಸರಿಟ್ಟರು. ಡ್ಯಾಲಿಯಲ್ 1851ರಲ್ಲಿ ತೀರಿಕೊಂಡರು. ಅಜ್ಜಿ ಕೈಯಿಂದ ಕೈಗೆ ಹೋಗಿ 1887ರ ತನಕ ಬದುಕಿತ್ತು. ಅದು ತಣ್ಣೀರಿನ ಜಾತಿ, ನಮ್ಮ ಅಂಗಡಿಗಳಲ್ಲಿ ಸಿಗೋದಲ್ಲ. ಅದಕ್ಕೆ ಪಂಪೂ ಇರಲಿಲ್ಲ, ಎಲ್‌ಇಡಿಯೂ ಇರಲಿಲ್ಲ. ತಪ್ಪದೆ ಸಿಕ್ಕಿದ್ದು ಶುದ್ಧವಾದ ಸಮುದ್ರದ ನೀರು.

ನಾನು ಬಿ.ಕಾಂ. ಓದಿದ್ದು, ಹಾಗಾಗಿ ನನಗೆ ಎಲ್ಲವೂ ಲೆಕ್ಕದ ಪುಸ್ತಕದ ಹಾಗೇ ಕಾಣುತ್ತೆ. ಅನಿಮೋನ್ ಅನ್ನೋದು ಒಂದು ದಿನದ ಖರ್ಚಲ್ಲ, ವರ್ಷಗಟ್ಟಲೆ ಹೊರಬೇಕಾದ ಹೊಣೆ. ಮುಂದಿನ ವರ್ಷ ಪಿಜಿ ಬದಲಾಯಿಸ್ತೀರಾ, ಬೇರೆ ಊರಲ್ಲಿ ಕೆಲಸ ಸಿಕ್ಕಿದ್ರೆ ತೊಟ್ಟಿ ಯಾರು ನೋಡ್ಕೋತಾರೆ? 100 ಲೀಟರ್ ನೀರಂದ್ರೆ 100 ಕೆಜಿಗಿಂತ ಜಾಸ್ತಿ ಭಾರ, ನೆನಪಿರಲಿ.

ಸರಿ, ಆರು ತಿಂಗಳು ಯಾಕೆ? ಹೊಸ ತೊಟ್ಟಿಯಲ್ಲಿ ಮೀನಿನ ಕಸದಿಂದ ಅಮೋನಿಯಾ ಆಗುತ್ತೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಬಗೆ ಅದನ್ನ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತೆ. ಈ ಬ್ಯಾಕ್ಟೀರಿಯಾ ನೆಲೆಯಾಗೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಆಮೇಲೆ ಗಟ್ಟಿ ಮೀನು ಬಿಡಬಹುದು. ಆದ್ರೆ ಅನಿಮೋನ್ ತೊಟ್ಟಿಯ ನೀರನ್ನೇ ಒಳಗೆ ತುಂಬಿಕೊಂಡು ಉಬ್ಬಿ ನಿಲ್ಲೋ ಪ್ರಾಣಿ. ನೀರಲ್ಲಿ ಏರುಪೇರಾದ್ರೆ ಅದು ನೇರವಾಗಿ ಅದರ ಮೈಗೇ ತಟ್ಟುತ್ತೆ. ಆ ಏರುಪೇರು ನಿಲ್ಲೋಕೆ ತಿಂಗಳುಗಳೇ ಬೇಕು. ಅನುಭವಿಗಳು ಆರು ತಿಂಗಳಿಂದ ಒಂದು ವರ್ಷ ಕಾಯಿರಿ ಅನ್ನೋದು ಇದಕ್ಕೇ.

ಬೇಕಾದ ಅಳತೆಗಳು ಇಷ್ಟು: ಉಷ್ಣತೆ 25ರಿಂದ 27 ಡಿಗ್ರಿ, ಉಪ್ಪು ಸಾವಿರ ಭಾಗಕ್ಕೆ 35 ಭಾಗ, ಪಿಎಚ್ 8.1ರಿಂದ 8.4, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ 10 ಪಿಪಿಎಂ ಒಳಗೆ. ಒಂದು ದಿನ ಈ ನಂಬರ್ ಬಂದ್ರೆ ಸಾಲದು, ದಿನಾ ಇದೇ ಇರಬೇಕು.

ಒಂದು ಚಿಕ್ಕ ಲೆಕ್ಕ ನೋಡಿ. 100 ಲೀಟರ್ ತೊಟ್ಟಿಯಿಂದ 5 ಲೀಟರ್ ಆವಿಯಾಯ್ತು ಅಂತಿಟ್ಕೊಳ್ಳಿ. ನೀರು ಹೋಯ್ತು, ಉಪ್ಪು ಅಲ್ಲೇ ಉಳೀತು. 35 ಇದ್ದದ್ದು ಹೆಚ್ಚುಕಮ್ಮಿ 37 ಆಯ್ತು. ಅದಕ್ಕೆ ಉಪ್ಪುನೀರು ಸೇರಿಸಿದ್ರೆ ಅದು ಮತ್ತೆ 35ಕ್ಕೆ ಇಳಿಯಲ್ಲ. ಆವಿಯಾದಷ್ಟನ್ನ ಸಿಹಿನೀರಿಂದಲೇ ತುಂಬಬೇಕು, ಅದೂ ದಿನಾ ಸ್ವಲ್ಪ ಸ್ವಲ್ಪ.

ಯಾವ ಸಿಹಿನೀರು? ನಲ್ಲಿಯ ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತೆ, ಬೋರ್‌ವೆಲ್ ನೀರಲ್ಲಿ ಲವಣಗಳು ಜಾಸ್ತಿ. ಅಡುಗೆಮನೆ ಆರ್‌ಒ ಕುಡಿಯೋಕೆ ಸರಿ, ಆದ್ರೆ ಸ್ವಲ್ಪ ಲವಣ ಉಳಿಸುತ್ತೆ. ಅದಕ್ಕೆ ಆರ್‌ಒ ಜೊತೆ ಡಿಐ ಫಿಲ್ಟರ್ ಬೇಕು, ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು.

ಇನ್ನು ಬೆಳಕು. ಮೀನಿನ ಜೊತೆ ಬಾಳೋ ಅನಿಮೋನ್‌ಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸ ಮಾಡುತ್ತೆ. ಅದು ಬೆಳಕಲ್ಲಿ ಆಹಾರ ತಯಾರಿಸಿ ಅನಿಮೋನ್‌ಗೂ ಕೊಡುತ್ತೆ. ಹಾಗಾಗಿ ಮಾಮೂಲಿ ಟ್ಯೂಬ್‌ಲೈಟ್ ಸಾಕಾಗಲ್ಲ, ರೀಫ್ ಎಲ್‌ಇಡಿ ಬೇಕು, ದಿನಕ್ಕೆ 8ರಿಂದ 10 ಗಂಟೆ. ಅಂಗಡಿಯಲ್ಲಿ ಬೆಳ್ಳಗೆ ಹೊಳೆಯೋದನ್ನ ನೋಡಿ ಮರುಳಾಗಬೇಡಿ, ಹೆಚ್ಚಾಗಿ ಅದು ಪಾಚಿ ಕಳ್ಕೊಂಡು ಹಸಿದಿರೋ ಅನಿಮೋನ್. ಕಣ್ಣು ಕುಕ್ಕೋ ಹಳದಿ ಇದ್ರೆ ಬಣ್ಣ ಹಾಕಿರೋ ಸಾಧ್ಯತೆನೂ ಇದೆ. ಬಾಯಿ ಮುಚ್ಚಿರಬೇಕು, ಪಾದ ಹರಿದಿರಬಾರದು, ಕಲ್ಲನ್ನೋ ಗಾಜನ್ನೋ ಗಟ್ಟಿಯಾಗಿ ಹಿಡಿದಿರಬೇಕು. ಮೊದಲ ಸಲ ಸಾಕೋರಿಗೆ ತೋಳಿನ ತುದಿ ಗುಳ್ಳೆಯ ಹಾಗಿರೋ 'ಬಬಲ್ ಟಿಪ್' ಜಾತಿನೇ ವಾಸಿ.

ಮನೆಗೆ ತಂದ ಮೇಲೆ ಅದನ್ನ ಎತ್ತಿ ಎತ್ತಿ ಇಡಬೇಡಿ. ಅದೇ ಜಾಗ ಹುಡುಕ್ಕೊಳ್ಳುತ್ತೆ. ಆದ್ರೆ ನಡೆಯೋವಾಗ ಪಂಪ್‌ಗೆ ಸಿಕ್ಕಿದ್ರೆ ಚೂರು ಚೂರಾಗುತ್ತೆ, ತೊಟ್ಟಿಯೆಲ್ಲಾ ವಿಷವಾಗಬಹುದು. ಅದಕ್ಕೇ ತರೋ ಮೊದಲೇ ಪಂಪ್ ಬಾಯಿಗೆ ಸ್ಪಂಜ್ ಕಟ್ಟಿ. ವಾರಕ್ಕೆ ಒಂದೋ ಎರಡೋ ಸಲ, ಅದರ ಬಾಯಿಗಿಂತ ಸಣ್ಣದಾದ ಸೀಗಡಿ ಚೂರು ಸಾಕು. ಮುಟ್ಟೋವಾಗ ಗ್ಲೌಸ್ ಹಾಕ್ಕೊಳ್ಳಿ. ತಾಮ್ರ ಇರೋ ಮೀನಿನ ಔಷಧಿ ಆ ತೊಟ್ಟಿಗೆ ಬೇಡವೇ ಬೇಡ. ಕರೆಂಟ್ ಹೋದಾಗ ನಡೆಯೋಕೆ ಬ್ಯಾಟರಿ ಏರ್ ಪಂಪ್ ಒಂದಿರಲಿ.

ಕೆಲವು ಗಂಟೆ ಮುದುಡಿಕೊಂಡ್ರೆ ಗಾಬರಿ ಬೇಡ, ಕಸ ಹೊರಹಾಕೋವಾಗ ಹಾಗೆ ಮಾಡುತ್ತೆ. ಬಾಯಿ ತೆರೆದೇ ಇದ್ದು, ಪಾದ ಬಿಟ್ಟು, ಮೈ ಕರಗಿ ಕೊಳೆತ ವಾಸನೆ ಬಂದ್ರೆ ಮಾತ್ರ ತಕ್ಷಣ ತೆಗೀರಿ. ತಡ ಮಾಡಿದ್ರೆ ಅಮೋನಿಯಾ ಏರಿ ಮೀನುಗಳೂ ಹೋಗ್ತವೆ.

ಕರಾವಳಿಯ ಕೇಳುಗರಿಗೆ ಒಂದು ಮಾತು: ಬಂಡೆ ಸಂದಿಯಲ್ಲಿ ಕಂಡ ಅನಿಮೋನ್ ಕಿತ್ತು ತರಬೇಡಿ, ಪಾದ ಹರಿದ್ರೆ ಅದು ಉಳಿಯೋದು ಕಷ್ಟ.

ಹಾಗಾದ್ರೆ ಅಲ್ಲಿ ತನಕ ನೀಮೋ ಪಾಡೇನು? ಏನೂ ಆಗಲ್ಲ. ಸಮುದ್ರದಲ್ಲಿ ಅದಕ್ಕೆ ಅನಿಮೋನ್ ಬೇಕಾಗಿರೋದು ದೊಡ್ಡ ಮೀನುಗಳಿಂದ ತಪ್ಪಿಸಿಕೊಳ್ಳೋಕೆ. ನಿಮ್ಮ ತೊಟ್ಟಿಯಲ್ಲಿ ಅಂಥ ಶತ್ರು ಇಲ್ಲ, ಅನಿಮೋನ್ ಇಲ್ಲದೇನೂ ಅದು ಆರಾಮಾಗಿ ಇರುತ್ತೆ. ಅಂದ್ರೆ ಆತುರ ಇರೋದು ನಮಗೆ, ಮೀನಿಗಲ್ಲ.

ಈ ಆರು ತಿಂಗಳು ಒಂದು ಕೆಲಸ ಮಾಡಿ. ಪ್ರತಿ ಭಾನುವಾರ ನೀರು ಪರೀಕ್ಷೆ ಮಾಡಿ, ಫೋನ್‌ನಲ್ಲೇ ಒಂದು ಶೀಟ್ ತೆಗೆದು ನಂಬರ್ ಬರೆದಿಡಿ. 26 ವಾರ, 26 ಸಾಲು. ಕೊನೇ ಎರಡು ತಿಂಗಳ ಸಾಲುಗಳು ಹೆಚ್ಚುಕಮ್ಮಿ ಒಂದೇ ಥರ ಇದ್ರೆ ಅಂಗಡಿಗೆ ಹೋಗಿ. ಇನ್ನೂ ಏರಿಳಿತ ಇದ್ರೆ ಇನ್ನೊಂದಷ್ಟು ವಾರ ತಾಳಿ. ಶೀಟ್ ತುಂಬಿದವರು ನನಗೆ ಕಳಿಸಿ, ಒಟ್ಟಿಗೆ ನೋಡೋಣ. ಮುಂದಿನ ವಾರ ಸಿಗ್ತೀನಿ.