ಹಿಡಿಯೊಳಗಿನ ನೀರು, ಒರೆಯೊಳಗಿನ ತುಕ್ಕು

ಮೆಟ್ಟುಕತ್ತಿಗೆ ಹಿಡಿಯೂ ಇಲ್ಲ, ಒರೆಯೂ ಇಲ್ಲ. ಮಣೆ ಮೆಟ್ಟಿ ಕೂತರೆ ಅಲಗು ಅಲ್ಲಾಡುವುದಿಲ್ಲ. ಓಡಾಡುವುದೆಲ್ಲ ಸೌತೆಕಾಯಿ, ಬಾಳೆಕಾಯಿ, ಹಲಸಿನ ಗುಜ್ಜೆ. ಈಳಿಗೆಮಣೆ ಎಂದು ಕರೆಯುವ ಕಡೆಯೂ ಏರ್ಪಾಡು ಇದೇ. ಕೆಲಸ ಮುಗಿದ ಮೇಲೆ ಅಲಗಿನ ಮುಖ ಗೋಡೆಗೆ ತಿರುಗಿಸಿ ಒರಗಿಸಿಟ್ಟರೆ ಆಯಿತು. ತಾಪತ್ರಯ ಶುರುವಾಗುವುದು ಅಲಗು ಮಣೆ ಬಿಟ್ಟು ಕೈಗೆ ಬಂದಾಗ. ಆಗ ಉಕ್ಕನ್ನು ಮರಕ್ಕೋ ಕೊಂಬಿಗೋ ಕಚ್ಚಿಸಬೇಕು. ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುವವರ ತೊಡೆ ಸೀಳದ ಹಾಗೆ ಒರೆ ಹೊಲಿಯಬೇಕು.

ಕೈಯಲ್ಲಿ ಮಾಡಿದ ಚಾಕು ಕೊಳ್ಳುವವರು ಮೊದಲು ಮಾಡುವ ಕೆಲಸ, ಹೆಬ್ಬೆರಳನ್ನು ಅಲಗಿನ ಬಾಯಿಗೆ ಅಡ್ಡ ಸವರಿ ಹರಿತ ನೋಡುವುದು. ನೋಡಲಿ. ಆದರೆ ಹರಿತ ಹೋದರೆ ಸಾಣೆಕಲ್ಲಿಗೆ ಒಂದಷ್ಟು ಹೊತ್ತು ಉಜ್ಜಿ ಮತ್ತೆ ಬರಿಸಬಹುದು. ಉಕ್ಕಿನ ಚಿಂತೆಯೂ ಈಗ ಅಷ್ಟಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಕತ್ತಿ ಬಡಿಯುವ ಹಳ್ಳಿಯ ಕಮ್ಮಾರನಿಗೂ ಸಿಗುವುದು ಒಳ್ಳೆಯ ಉಕ್ಕೇ. ಚಾಕು ಕೆಡುವುದು ಹೆಚ್ಚಾಗಿ ಹಿಡಿಯೊಳಗೆ ಅಥವಾ ಒರೆಯೊಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ. ಕೆಡಿಸುವುದು ನೀರು.

ಮರವನ್ನು ಎಷ್ಟೇ ಒಣಗಿಸಿದರೂ ಅದು ಸುತ್ತಲಿನ ಗಾಳಿಯಿಂದ ತೇವ ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಅದರೊಳಗಿನ ನೀರು ಒಣತೂಕದ ಶೇ. 18ರ ಆಸುಪಾಸಿಗೆ ಏರಬಹುದು; ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಶೇ. 8ಕ್ಕೋ ಅದಕ್ಕೂ ಕೆಳಕ್ಕೋ ಇಳಿಯಬಹುದು. ನೀರು ಹೋದಂತೆ ಮರ ಕುಗ್ಗುತ್ತದೆ, ಅದೂ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ತೇಗವನ್ನೇ ನೋಡಿ. ಹಸಿಯಿಂದ ಪೂರ್ತಿ ಒಣಗುವ ಹೊತ್ತಿಗೆ ತಿರುಳಿನಿಂದ ತೊಗಟೆಯತ್ತ ಶೇ. 2.5ರಷ್ಟು, ವರ್ಷದ ಉಂಗುರಗಳ ಗುಂಟ ಶೇ. 5.8ರಷ್ಟು ಕುಗ್ಗುತ್ತದೆ, ಉದ್ದಕ್ಕೆ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಮರಗಳಲ್ಲಿ ತೇಗ ಸಾಧು ಸ್ವಭಾವದ್ದು, ಹಲವು ಮರಗಳು ಇದಕ್ಕಿಂತ ಹೆಚ್ಚು ಕುಣಿಯುತ್ತವೆ.

ಈಗ 30 ಮಿಲಿಮೀಟರ್ ಅಗಲದ ತೇಗದ ಎರಡು ಪಟ್ಟಿಗಳನ್ನು ಉಕ್ಕಿನ ಎರಡು ಮಗ್ಗುಲಿಗೆ ಇಟ್ಟು ರಿವೆಟ್ ಹೊಡೆದ ಚಾಕುವನ್ನು ತೀರ್ಥಹಳ್ಳಿಯ ಜುಲೈನಲ್ಲಿ ಕೊಂಡು ಕಲಬುರಗಿಗೆ ಒಯ್ದಿರಿ ಎನ್ನಿ. ಪಟ್ಟಿ ಉಂಗುರಗಳ ಗುಂಟ ಸೀಳಿದ್ದಾದರೆ ಬೇಸಗೆಗೆ ಸುಮಾರು ಅರ್ಧ ಮಿಲಿಮೀಟರ್ ಕುಗ್ಗುತ್ತದೆ. ಉಕ್ಕು ಒಂದಿಷ್ಟೂ ಕುಗ್ಗುವುದಿಲ್ಲ. ಆಗ ಉಕ್ಕಿನ ಅಂಚು ಮರದಿಂದ ಹೊರಗೆ ಎದ್ದು ಅಂಗೈಗೆ ತಾಗುತ್ತದೆ. ಇಂಥ ಅಂಚನ್ನು ಬೆರಳು ಕಣ್ಣಿಗಿಂತ ಬೇಗ ಕಂಡುಹಿಡಿಯುತ್ತದೆ. ಮರುವರ್ಷ ಮಳೆ ಬಂದು ಮರ ಉಬ್ಬಿದಾಗ ಅಂಚು ಮತ್ತೆ ಮುಚ್ಚಿಹೋದರೂ ಅಷ್ಟರಲ್ಲಿ ಆ ಸಂದಿಗೆ ನೀರು, ಉಪ್ಪು, ಮೀನಿನ ರಸ ಎಲ್ಲ ಇಳಿದಿರುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಒಳಗೇ ಬೆಳೆದು ಮರವನ್ನು ಸೀಳುತ್ತದೆ.

ಸಡಿಲಾದ ಕೊಡಲಿಯನ್ನೋ ಪಿಕಾಸಿಯನ್ನೋ ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಅದ್ದಿಡುವ ಪದ್ಧತಿ ಎಲ್ಲ ಊರಲ್ಲೂ ಇದೆ. ಬೆಳಗ್ಗೆ ಕಾವು ಬಿಗಿಯಾಗಿರುತ್ತದೆ, ನಿಜ. ಆದರೆ ಉಬ್ಬಲು ಹೊರಟ ಮರಕ್ಕೆ ಕಬ್ಬಿಣದ ಬಳೆ ಜಾಗ ಕೊಡುವುದಿಲ್ಲ. ಉಬ್ಬುವ ಒತ್ತಡ ಒಳಮುಖವಾಗಿ ತಿರುಗಿ ಮರದ ಕೋಶಗಳೇ ಜಜ್ಜಿಹೋಗುತ್ತವೆ. ಬಿಸಿಲಿಗೆ ಒಣಗಿದ ಮೇಲೆ ಕಾವು ಮೊದಲಿಗಿಂತ ತೆಳುವಾಗಿರುತ್ತದೆ, ಮತ್ತೆ ನೆನೆಸಬೇಕಾಗುತ್ತದೆ. ಹೀಗೆ ನೆನೆಸಿ ನೆನೆಸಿಯೇ ಒಳ್ಳೆಯ ಕಾವನ್ನು ಹಾಳು ಮಾಡುತ್ತೇವೆ. ನೀರಿನ ಬದಲು ಹರಳೆಣ್ಣೆಯನ್ನೋ ಅಗಸೆ ಎಣ್ಣೆಯನ್ನೋ ಕುಡಿಸಿ, ಒಂದು ಬೆಣೆ ಹೊಡೆದರೆ ಕಾವಿನ ಆಯಸ್ಸು ಹೆಚ್ಚುತ್ತದೆ.

ಕತ್ತಿಯ ಹಿಡಿ ಹೊರಬೇಕಾದ ಹೊರೆಯೂ ಕಡಿಮೆಯದಲ್ಲ. ಅಂದಾಜಿಗೆ ಒಂದು ಲೆಕ್ಕ: 600 ಗ್ರಾಂ ಕತ್ತಿಯನ್ನು ಸೆಕೆಂಡಿಗೆ 8 ಮೀಟರ್ ವೇಗದಲ್ಲಿ, 60 ಸೆಂಟಿಮೀಟರ್ ತ್ರಿಜ್ಯದಲ್ಲಿ ಬೀಸಿದರೆ ಅದು ಕೈಯಿಂದ ಕಿತ್ತುಕೊಂಡು ಹೋಗಲು ಎಳೆಯುವ ಬಲ ಆರು ಕಿಲೋಗೂ ಹೆಚ್ಚಿನ ತೂಕ ಜೋತುಬಿಟ್ಟಷ್ಟು. ಅದಕ್ಕೇ ಕಾಡು ಸವರುವ ಕತ್ತಿಯ ಹಿಡಿ ಕೊನೆಯಲ್ಲಿ ದಪ್ಪಗಾಗಿ ಕೆಳಕ್ಕೆ ಬಾಗಿರುತ್ತದೆ. ಕಿರುಬೆರಳು ಅಲ್ಲಿ ತಡೆದು ನಿಲ್ಲುವುದರಿಂದ ಬೀಸುವವನು ಮುಷ್ಟಿ ಬಿಗಿದು ದಣಿಯಬೇಕಾಗಿಲ್ಲ. ಹಿಡಿಯ ಅಡ್ಡಸೀಳು ದುಂಡಗಿರದೆ ಮೊಟ್ಟೆಯಾಕಾರದಲ್ಲಿ ಇರಬೇಕು. ದುಂಡು ಹಿಡಿ ಬೆವರಿದ ಕೈಯಲ್ಲಿ ಹೊರಳುತ್ತದೆ, ಹೊರಳಿದರೆ ಅಲಗು ಎತ್ತ ತಿರುಗಿದೆ ಎಂಬುದು ಬೀಸುವವನಿಗೆ ಗೊತ್ತಾಗುವುದಿಲ್ಲ.

ಅಲಗಿನ ಹಿಂದೆ ಹಿಡಿಯೊಳಕ್ಕೆ ತೂರುವ ಸಣಕಲು ಬಾಲವನ್ನು ಅಲ್ಲಿ ಬಿಗಿಯುವ ವಿದ್ಯೆಯಲ್ಲಿ ಭಾರತದ್ದು ಅರಗಿನ ದಾರಿ. ತಲ್ವಾರಿನ ಲೋಹದ ಹಿಡಿ ನಿಂತಿರುವುದು ಅರಗಿನಿಂದ. ನೇಪಾಳದ ಖುಕುರಿಯನ್ನೂ ಹಾಗೆಯೇ ಕೂರಿಸುತ್ತಾರೆ. ಅರಗು ಕೀಟದ ಸ್ರಾವ. 70–80 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಮೆತ್ತಗಾಗಿ ಹರಿಯುತ್ತದೆ, ಆರಿದಾಗ ಕಲ್ಲಿನಂತೆ ಗಟ್ಟಿಯಾಗುತ್ತದೆ. ಚನ್ನಪಟ್ಟಣದಲ್ಲಿ ಲೇತಿನ ಮೇಲೆ ತಿರುಗುವ ಗೊಂಬೆಗೆ ಅರಗಿನ ಕಡ್ಡಿ ಒತ್ತಿದಾಗ ಬರೀ ತಿಕ್ಕಾಟದ ಬಿಸಿಗೇ ಅದು ಕರಗಿ ಬಣ್ಣವಾಗಿ ಹರಡುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಚಾಕುವಿನ ಮಟ್ಟಿಗೆ ಅರಗು ಮಾಡುವ ಉಪಕಾರ ಎರಡು. ಬಾಲದ ಸುತ್ತಲಿನ ಪ್ರತಿ ಸಂದಿಯನ್ನೂ ತುಂಬಿ ನೀರನ್ನು ಹೊರಗಿಡುತ್ತದೆ. ಹಿಡಿ ಒಡೆದರೆ ಬಿಸಿ ಮಾಡಿ ಬಿಚ್ಚಿ ಹೊಸದು ಹಾಕಲು ಬಿಡುತ್ತದೆ. ಇಂದಿನ ಎಪಾಕ್ಸಿ ಅಂಟು ಅರಗಿಗಿಂತ ಬಲಶಾಲಿ ಇರಬಹುದು, ಬಿಚ್ಚಿಕೊಡುವುದರಲ್ಲಿ ಮಾತ್ರ ಅಷ್ಟು ಉದಾರಿಯಲ್ಲ. ಅರಗಿನ ದೌರ್ಬಲ್ಯ ಬಿಸಿಲು. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಖುಕುರಿ ಮರೆತು ಹೋಗಬಾರದು.

ಹಿಡಿಯ ಬಾಯಿಗೆ ಹಾಕುವ ಲೋಹದ ಬಳೆ, ಅಣಸು, ಬರೀ ಅಂದಕ್ಕೆ ಎಂದುಕೊಂಡವರೇ ಹೆಚ್ಚು. ಪ್ರತಿ ಪೆಟ್ಟಿಗೂ ಬಾಲ ಮರವನ್ನು ಒಳಗಿನಿಂದ ಸೀಳಲು ನೋಡುತ್ತದೆ, ಅಣಸು ಹೊರಗಿನಿಂದ ಅಪ್ಪಿ ಹಿಡಿಯುತ್ತದೆ. ಹಿತ್ತಾಳೆಯ ಅಣಸು ಮರದ ಮೇಲೆ ಎಷ್ಟು ನಿಕಟವಾಗಿ ಕೂತಿದೆ ಎಂಬುದೊಂದರಿಂದಲೇ ಮಾಡಿದವನ ಕೈಗುಣ ಹೇಳಬಹುದು.

ಇನ್ನು ಒರೆ. ಕೊಡಗಿನಲ್ಲಿ ಎರಡು ಕತ್ತಿಗಳಿವೆ, ಎರಡಕ್ಕೂ ಎರಡು ನ್ಯಾಯ. ಅಗಲ ಅಲಗಿನ ಒಡಿಕತ್ತಿಗೆ ಒರೆಯೇ ಇಲ್ಲ. ಬೆನ್ನ ಹಿಂದೆ ಕಟ್ಟಿದ ತೊಡಂಗು ಎಂಬ ಹಿತ್ತಾಳೆಯ ಕೊಕ್ಕೆಯ ಸಂದಿಯಲ್ಲಿ ಬತ್ತಲೆಯಾಗಿಯೇ ನಿಲ್ಲುತ್ತದೆ. ಮುಂದೆ ಸೊಂಟದ ಚೇಲೆಗೆ ಸಿಕ್ಕಿಸುವ ಪೀಚೆಕತ್ತಿಗೆ ಬೆಳ್ಳಿ ಕಟ್ಟಿದ ಒರೆ, ಸರಪಳಿ, ಕುಸುರಿ. ಒಂದು ಕೆಲಸಕ್ಕೆ, ಇನ್ನೊಂದು ಸಂಭ್ರಮಕ್ಕೆ. ತಿಂಗಳುಗಟ್ಟಲೆ ಮಳೆ ಸುರಿಯುವ ನಾಡಿನಲ್ಲಿ ದಿನಕ್ಕೆ ಹತ್ತು ಸಲ ಒದ್ದೆಯಾಗುವ ಅಲಗನ್ನು ಮುಚ್ಚಿದ ಒರೆಗೆ ತುರುಕಿದರೆ ತುಕ್ಕನ್ನು ತಟ್ಟೆ ಇಟ್ಟು ಕರೆದ ಹಾಗೆ. ಗಾಳಿಯಾಡುವ ತೊಡಂಗು ಅಲ್ಲಿನ ಹವೆಗೆ ತಕ್ಕ ಉತ್ತರ ಎಂದೇ ನನ್ನ ಲೆಕ್ಕ. ಉತ್ತರ ಕನ್ನಡದ ತೋಟಗಳಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಮರದ ಕತ್ತಿಕೊಕ್ಕೆಯೂ ಇದೇ ಜಾತಿಯದು.

ಒರೆ ಬೇಕೇಬೇಕಾದ ನಾಡು ಫಿನ್ಲೆಂಡ್. ಅಲ್ಲಿನ ಪೂಕ್ಕೊ ಎಂಬ ಗಿಡ್ಡ ಚಾಕು ಮರ ಕೆತ್ತಲು, ಮೀನು ಹೆರೆಯಲು, ಬೆಣ್ಣೆ ಸವರಲು ಎಲ್ಲಕ್ಕೂ ಒದಗುತ್ತದೆ. ಚಳಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿದಾಗ ಬರಿಗೈಯಲ್ಲಿ ಲೋಹ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಉಕ್ಕು ಮರಕ್ಕಿಂತ ನೂರಾರು ಪಟ್ಟು ಬೇಗ ಬಿಸಿ ಎಳೆದುಕೊಳ್ಳುವುದೇ ಕಾರಣ. ಹಾಗಾಗಿ ಪೂಕ್ಕೊದ ಬಾಲ ಪೂರ್ತಿ ಹಿಡಿಯೊಳಗೆ ಅಡಗಿರುತ್ತದೆ. ಹಳೆಯ ಬಗೆಯ ಒಂದು ಹಿಡಿಯಂತೂ ಮರದ್ದೇ ಅಲ್ಲ, ಭೂರ್ಜದ ತೊಗಟೆಯದು. ಭೂರ್ಜಪತ್ರದ ಹಸ್ತಪ್ರತಿಗಳಿಗೆ ತೊಗಟೆ ಕೊಟ್ಟ ಹಿಮಾಲಯದ ಮರವೂ ಇದೇ ಕುಲದ್ದು. ತೊಗಟೆಯನ್ನು ಚೌಕ ಚೌಕವಾಗಿ ಕತ್ತರಿಸಿ, ನಡುವೆ ತೂತು ಕೊರೆದು, ಹತ್ತಾರು ಚೂರುಗಳನ್ನು ಬಾಲಕ್ಕೆ ಪೋಣಿಸಿ, ಬಲವಾಗಿ ಒತ್ತಿ, ಹೊರಬಂದ ಬಾಲದ ತುದಿಯನ್ನು ಲೋಹದ ತಟ್ಟೆಯ ಮೇಲೆ ಸುತ್ತಿಗೆಯಿಂದ ಚಪ್ಪಟೆ ಮಾಡುತ್ತಾರೆ. ಆಮೇಲೆ ಅರದಿಂದ ಉಜ್ಜಿ ಆಕಾರ ಕೊಡುತ್ತಾರೆ. ಭೂರ್ಜದ ತೊಗಟೆಯಲ್ಲಿ ಸುಬೆರಿನ್ ಎಂಬ ಮೇಣದಂಥ ವಸ್ತು ತುಂಬಿರುವುದರಿಂದ ಅದು ನೀರು ಕುಡಿಯುವುದಿಲ್ಲ, ಉಬ್ಬುವುದಿಲ್ಲ. ಮೀನಿನ ಲೋಳೆ ಮೆತ್ತಿದ ಕೈಗೂ ಜಾರುವುದಿಲ್ಲ. ಹಿಡಿಗೆ ಇದಕ್ಕಿಂತ ಬುದ್ಧಿವಂತ ವಸ್ತುವನ್ನು ನಾನಂತೂ ಕಾಣೆ. 1879ರಲ್ಲಿ ಕೌಹವ ಎಂಬ ಊರಿನಲ್ಲಿ ಈಸಕ್ಕಿ ಯಾರ್ವೆನ್‌ಪ್ಯಾ ಶುರು ಮಾಡಿದ ಕಾರ್ಖಾನೆಯ ಕುದುರೆತಲೆಯ ಪೂಕ್ಕೊಗಳು ಹೆಚ್ಚು ಪ್ರಸಿದ್ಧ, ಆದರೆ ಕೆಲಸಕ್ಕೆ ತೊಗಟೆಯದೇ ಸರಿ.

ಪೂಕ್ಕೊದ ಒರೆಗೆ ಗುಂಡಿಯಿಲ್ಲ, ಪಟ್ಟಿಯಿಲ್ಲ. ಹಿಡಿಯ ಅರ್ಧಕ್ಕೂ ಹೆಚ್ಚು ಭಾಗವನ್ನು ಒರೆಯೇ ನುಂಗುತ್ತದೆ. ನೆನೆಸಿದ ತೊಗಲನ್ನು ಚಾಕುವಿನ ಮೇಲೆ ಸುತ್ತಿ ಬೆನ್ನಲ್ಲಿ ಹೊಲಿದು, ಬೆರಳಿನಿಂದ ಒತ್ತಿ ಒತ್ತಿ ಹಿಡಿಯ ಉಬ್ಬುತಗ್ಗು ಮೂಡಿಸಿ ಒಣಗಿಸುತ್ತಾರೆ. ತೊಗಲೆಂದರೆ ಕೊಲಾಜೆನ್ ಎಳೆಗಳ ಹೆಣಿಗೆ. ನೀರು ಹೊಕ್ಕಾಗ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ನೀರು ಹೋದಾಗ ಜಾರಿದಲ್ಲೇ ಬಿಗಿಯುತ್ತವೆ. ಒಣಗಿಸಲು ಅವಸರಪಟ್ಟು ಒಲೆ ಮುಂದೆ ಇಟ್ಟರೆ ಎಳೆಗಳು ಸುರುಳಿಗಟ್ಟಿ ಒರೆ ಮುದುಡಿ ಹಾಳಾಗುತ್ತದೆ. ಹೀಗೆ ಅಚ್ಚು ಮೂಡುವುದು ಮರದ ಚಕ್ಕೆಯಲ್ಲಿ ಹದ ಮಾಡಿದ ತೊಗಲಿಗೆ. ಕ್ರೋಮಿಯಂ ಹಾಕಿ ಹದ ಮಾಡಿದ ಮೆತ್ತನೆ ತೊಗಲು ಆಕಾರ ಹಿಡಿದು ನಿಲ್ಲುವುದಿಲ್ಲ. ಒಳಗೆ ಅಲಗು ಕೂರುವಲ್ಲಿ ಮರದ ಚಿಕ್ಕ ಗೂಡು ಇರುತ್ತದೆ, ಅದರಿಂದ ಮೊನೆ ತೊಗಲನ್ನು ತೂರಿ ಹೊರಬರುವುದಿಲ್ಲ.

ಮರದ ಗೂಡಿಲ್ಲದ ಒರೆಯಾದರೆ ಹೊಲಿಗೆಯ ಸಾಲಿನ ಒಳಮಗ್ಗುಲನ್ನು ನೋಡಿ. ಎರಡು ಪದರಗಳ ನಡುವೆ ಮೂರನೆಯ ತೊಗಲ ಪಟ್ಟಿ ಇದ್ದರೆ ಅಲಗಿನ ಬಾಯಿ ದಾರಕ್ಕೆ ತಾಗುವುದಿಲ್ಲ; ಇಲ್ಲದಿದ್ದರೆ ಒಂದಲ್ಲ ಒಂದು ದಿನ ಹೊಲಿಗೆ ಕತ್ತರಿಸಿ ಅಲಗು ಬೆರಳಿಗೆ ಬರುತ್ತದೆ. ಹೊಲಿಗೆಯಲ್ಲೂ ವ್ಯತ್ಯಾಸವಿದೆ. ಕೈ ಹೊಲಿಗೆಯಲ್ಲಿ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ, ಪ್ರತಿ ತೂತಿನಲ್ಲೂ ಎರಡೂ ಎದುರುಬದುರಾಗಿ ಹಾಯುತ್ತವೆ. ಒಂದು ಕಡೆ ಹರಿದರೂ ಉಳಿದ ಹೊಲಿಗೆ ನಿಲ್ಲುತ್ತದೆ. ಯಂತ್ರದ ಹೊಲಿಗೆಗೆ ಆ ತಾಳ್ಮೆಯಿಲ್ಲ.

ತೊಗಲ ಒರೆಯ ಎಲ್ಲ ಗುಣಗಳ ಜೊತೆಗೆ ಒಂದು ದೋಷವೂ ಬರುತ್ತದೆ. ಚಕ್ಕೆಯಲ್ಲಿ ಹದ ಮಾಡಿದ ತೊಗಲು ಹುಳಿ. ಅದರ ಟ್ಯಾನಿನ್ ಕಬ್ಬಿಣದೊಡನೆ ಸೇರಿದರೆ ಕಪ್ಪು. ಕಬ್ಬಿಣದ ಮೆಟ್ಟುಕತ್ತಿಯಲ್ಲಿ ಬಾಳೆಕಾಯಿ ಹೆಚ್ಚಿದಾಗ ಬೆರಳು, ಅಲಗು, ಕಾಯಿ ಮೂರೂ ಕಪ್ಪಾಗುವುದು ಈ ಕಾರಣಕ್ಕೇ. ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದುದೂ ಇದೇ ರಸಾಯನದಿಂದ. ಕ್ರೋಮ್ ತೊಗಲಿನಲ್ಲಿ ಉಳಿದ ಲವಣಗಳು ಇನ್ನೂ ಕೆಟ್ಟವು. ಹಿತ್ತಾಳೆ ರಿವೆಟ್ ಇದ್ದಲ್ಲಿ ತೊಗಲಿನ ಕೊಬ್ಬು ತಾಗಿ ಹಸಿರು ಕಿಲುಬು ಏಳುತ್ತದೆ. ಹಾಗಾಗಿ ತೊಗಲ ಒರೆ ಚಾಕುವನ್ನು ಹೊತ್ತು ತಿರುಗಲು ಸರಿ, ಕಪಾಟಿನಲ್ಲಿ ವರ್ಷಗಟ್ಟಲೆ ಇಡಲು ಅಲ್ಲ.

ಜಪಾನಿನವರು ಇದಕ್ಕೆ ಮರದಲ್ಲೇ ಪರಿಹಾರ ಕಂಡುಕೊಂಡರು. ಹೋನೋಕಿ ಎಂಬ ಹಗುರ ಮರದಲ್ಲಿ ರಾಳವಿಲ್ಲ, ಟ್ಯಾನಿನ್ ಕಡಿಮೆ. ಕತ್ತಿಯ ಒರೆಗೂ ಅಡಿಗೆ ಚಾಕುವಿನ ಹಿಡಿಗೂ ಅದೇ. ಕತ್ತಿಯ ಒರೆಯ ಎರಡು ಹೋಳುಗಳನ್ನು ಅನ್ನದ ಅಂಟಿನಿಂದ ಕೂಡಿಸುತ್ತಾರೆ. ಒಳಗೆ ತುಕ್ಕೋ ಕಸವೋ ಸೇರಿದರೆ ಸೀಳಿ ತೆರೆದು, ಕೆರೆದು, ಮತ್ತೆ ಅಂಟಿಸಬಹುದು. ಅಲಗು ಒರೆಯೊಳಗೆ ಬಹುಪಾಲು ಎಲ್ಲೂ ತಾಗದೆ ತೂಗುತ್ತಿರುತ್ತದೆ. ಬಿಗಿತವೆಲ್ಲ ಬಾಯಲ್ಲಿರುವ ಲೋಹದ ಕೊರಳಪಟ್ಟಿಯದು.

ಈಗಿನ ಕುಶಲಕರ್ಮಿಗಳು ಮರಕ್ಕೆ ನಿರ್ವಾತದಲ್ಲಿ ರಾಳ ಕುಡಿಸಿ ಕೋಶಗಳನ್ನೇ ತುಂಬಿಬಿಡುತ್ತಾರೆ, ಅಥವಾ ಬಟ್ಟೆ, ಕಾಗದಗಳನ್ನು ರಾಳದಲ್ಲಿ ಒತ್ತಿದ ಮೈಕಾರ್ಟಾ ಬಳಸುತ್ತಾರೆ. ಒರೆಗೆ ಕೈಡೆಕ್ಸ್ ಎಂಬ ಪ್ಲಾಸ್ಟಿಕ್. ನೀರಿನ ಕಾಟ ತಪ್ಪುತ್ತದೆ. ಆದರೆ ಒಳಗೆ ಸಿಕ್ಕ ಮರಳು ಅಲಗನ್ನು ಗೀಚುತ್ತದೆ, ಎಳೆದಾಗ ಟಪ್ಪೆಂದು ಸದ್ದು ಬರುತ್ತದೆ.

ಕೊಳ್ಳುವಾಗ ಅಣಸಿಗೂ ಮರಕ್ಕೂ ನಡುವೆ ಉಗುರು ಹೋಗುತ್ತದೋ ನೋಡಿ. ಅಲಗು ಹಿಡಿಯೊಳಕ್ಕೆ ಇಳಿಯುವ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿ. ಹಿಡಿಯನ್ನು ಮರದ ಮೇಜಿಗೆ ಮೆಲ್ಲಗೆ ಕುಟ್ಟಿ, ಸದ್ದು ಒಡಕಲಾಗಿದ್ದರೆ ಬಾಲ ಒಳಗೆ ಅಲ್ಲಾಡುತ್ತಿದೆ. ಕಣ್ಣು ಮುಚ್ಚಿ ಹಿಡಿದಾಗ ಅಲಗಿನ ಬಾಯಿ ಯಾವ ಕಡೆಗಿದೆ ಎಂದು ಅಂಗೈಗೆ ತಿಳಿಯಬೇಕು. ಕೊನೆಗೆ ಒರೆಗೆ ಹಾಕಿ, ಕೆಳಗೆ ಯಾರ ಕಾಲೂ ಇಲ್ಲವೆಂದು ನೋಡಿಕೊಂಡು ತಲೆಕೆಳಗು ಮಾಡಿ ಒಮ್ಮೆ ಕುಲುಕಿ. ಬೇಡ ಎಂದು ಮಾರುವವನೇ ತಡೆದರೆ ದುಡ್ಡು ಜೇಬಿನಲ್ಲೇ ಇರಲಿ.