ನಲವು: ಒಂದು ಹಳೆಯ ಮಾತಿನ ವಿಚಾರ



ಮನಸ್ಸು ಹಗುರವಾಗಿ ಮುಖವು ಅರಳಿರುವ ಸ್ಥಿತಿಯನ್ನು ಹೇಳಬೇಕಾದಾಗ ನಾವು ಸಂತೋಷವೆನ್ನುತ್ತೇವೆ, ಆನಂದವೆನ್ನುತ್ತೇವೆ, ಇಲ್ಲವೆ ಖುಷಿ ಎನ್ನುತ್ತೇವೆ. ಮೊದಲ ಎರಡು ಸಂಸ್ಕೃತದವು, ಮೂರನೆಯದು ಪಾರಸಿಯದು. ಇವೆಲ್ಲವೂ ಈಗ ನಮ್ಮ ಮನೆಯ ಮಾತುಗಳೇ ಆಗಿವೆ. ಇವನ್ನು ಹೊರದೂಡಬೇಕೆಂಬುದು ನನ್ನ ವಾದವಲ್ಲ. ಆದರೆ ಇವುಗಳ ಸಂದಣಿಯಲ್ಲಿ ಮೂಲೆಗೆ ಸರಿದುಹೋದ ಅಚ್ಚಗನ್ನಡದ ಮಾತೊಂದುಂಟು. ಅದೇ ನಲವು.

ಇದರ ಮೂಲ ‘ನಲ್’ ಎಂಬುದು. ನಲ್ ಎಂದರೆ ಒಳ್ಳೆಯದು, ಚೆಲುವಾದುದು. ತಮಿಳರೂ ಮಲೆಯಾಳಿಗಳೂ ಒಳ್ಳೆಯದಕ್ಕೆ ಇಂದಿಗೂ ‘ನಲ್ಲ’ ಎಂದೇ ಹೇಳುತ್ತಾರೆ. ಕನ್ನಡದಲ್ಲಿ ಆ ಸ್ಥಾನವನ್ನು ‘ಒಳ್ಳೆಯ’ ಎಂಬುದು ಆಕ್ರಮಿಸಿತು. ನಲ್ ಎಂಬುದು ತನ್ನ ಮಕ್ಕಳಲ್ಲಿ ಮಾತ್ರ ಉಳಿಯಿತು. ಒಳ್ಳೆಯ ಮಾತು ನಲ್ನುಡಿ, ಪ್ರೀತಿ ನಲ್ಮೆ, ಪ್ರಿಯನು ನಲ್ಲ, ಪ್ರಿಯಳು ನಲ್ಲೆ. ಒಲ್ ಎಂಬುದರಿಂದ ಒಲವು, ಗೆಲ್ ಎಂಬುದರಿಂದ ಗೆಲವು ಆದಂತೆ, ನಲ್ ಎಂಬುದರಿಂದ ನಲವು. ‘ನಲಿ’ ಎಂಬ ಕ್ರಿಯಾಪದವೂ ಈ ಬಳಗದ್ದೇ. ಅದಕ್ಕೆ ಹಿಗ್ಗುವುದು, ಕುಣಿಯುವುದು ಎಂಬ ಎರಡೂ ಅರ್ಥಗಳುಂಟು. ಒಳಗಿನ ಸಂತಸವು ಕೈಕಾಲುಗಳಿಗೆ ಇಳಿದು ಬಂದರೆ ಅದು ನಲಿದಾಟ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶವನ್ನು ತೆರೆದವರಿಗೆ ಈ ಬಳಗದ ಪರಿಚಯವಾಗುವುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಧ್ವನಿಸಾಮ್ಯವೊಂದನ್ನೇ ನಂಬಿ ನೆಂಟಸ್ತಿಕೆ ಕಟ್ಟಬಾರದು. ತೆಲುಗಿನ ‘ನಲ್ಲ’ ಎಂದರೆ ಕಪ್ಪು. ಅದಕ್ಕೂ ನಮ್ಮ ನಲ್ಲನಿಗೂ ಸಂಬಂಧವಿಲ್ಲ. ತಮಿಳಿನ ‘ನಲಿವು’ ಎಂದರೆ ಸೊರಗು, ಕ್ಷೀಣತೆ. ನಮ್ಮ ನಲಿವಿಗೆ ಅದು ನೇರ ವಿರೋಧ. ಇನ್ನು ನಲವತ್ತು ಎಂಬುದರಲ್ಲಿ ನಲವನ್ನು ಹುಡುಕುವವರಿದ್ದರೆ, ಆ ವಯಸ್ಸನ್ನು ದಾಟಿದವನಾಗಿ ನಾನು ಹೇಳಬಲ್ಲೆ: ಅದು ಬರಿಯ ನಾಲ್ಕು ಹತ್ತುಗಳ ಲೆಕ್ಕ!

ಹಾಗಾದರೆ ಸಂತೋಷವಿರುವಾಗ ನಲವೇತಕ್ಕೆ ಎಂದು ಕೇಳಬಹುದು. ಸಮಾನಾರ್ಥಕಗಳೆಂದು ನಾವೆಣಿಸುವ ಮಾತುಗಳು ನಿಜವಾಗಿ ಒಂದೇ ವಸ್ತುವಿನ ಬೇರೆ ಬೇರೆ ಮುಖಗಳು. ಹರ್ಷವೆಂಬುದರ ಮೂಲದಲ್ಲಿ ಮೈನವಿರೇಳುವ ಭಾವವಿದೆ, ಸಂತೋಷದಲ್ಲಿ ತೃಪ್ತಿಯಿದೆ, ಉಲ್ಲಾಸದಲ್ಲಿ ಹೊಳಪಿದೆ, ಪ್ರಸನ್ನತೆಯಲ್ಲಿ ಕದಡಡಗಿದ ನೀರಿನ ತಿಳಿಯಿದೆ. ನಲವಿನಲ್ಲಿರುವುದು ಒಳ್ಳೆಯತನ. ಒಳಿತು, ಚೆಲುವು, ಪ್ರೀತಿ, ಸಂತಸ ಈ ನಾಲ್ಕನ್ನೂ ಒಂದೇ ಬೇರಿನಿಂದ ಬೆಳೆಸಿದ ಜನರಿಗೆ, ಕೆಡುಕಿನಿಂದ ಪಡೆದ ಸುಖವನ್ನು ನಲವೆಂದು ಕರೆಯಲು ನಾಲಗೆ ಏಳುತ್ತಿತ್ತೆ? ನಿಶ್ಚಯವಾಗಿ ಹೇಳಲಾರೆ, ಆದರೆ ಆ ಪ್ರಶ್ನೆಯನ್ನು ಎತ್ತುವ ಶಕ್ತಿ ಮಾತ್ರ ಈ ಪದಕ್ಕಿದೆ. ಪದವು ಮರೆಯಾದರೆ ಪ್ರಶ್ನೆಯೂ ಮರೆಯಾಗುತ್ತದೆ.

ಸಂಪೂರ್ಣವಾಗಿ ಅದು ಮರೆಯಾಗಿಲ್ಲವೆಂಬುದು ಸಮಾಧಾನ. ‘ನೋವು ನಲಿವು’ ಎಂಬ ಜೋಡಿ ಎಲ್ಲರ ಬಾಯಲ್ಲಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾದ ಶಿಕ್ಷಣಕ್ರಮಕ್ಕೆ ‘ನಲಿ ಕಲಿ’ ಎಂದು ಹೆಸರಿಟ್ಟವರು ಮಕ್ಕಳ ನಾಲಗೆಗೆ ಈ ಬೇರನ್ನು ಮರಳಿ ತಂದರು. ನಾವೂ ಗೆಳೆಯರಿಗೆ ಓಲೆ ಬರೆಯುವಾಗ ‘ನಲ್ಮೆಯ’ ಎಂದು ಆರಂಭಿಸಿ, ‘ಎಲ್ಲರೂ ನಲವಿನಿಂದಿದ್ದೇವೆ’ ಎಂದು ಒಂದು ಸಾಲು ಸೇರಿಸಿದರೆ ಸಾಕು. ಹಳೆಯ ಮಾತು ಬಳಕೆಯಿಂದಲೇ ಬದುಕುತ್ತದೆ.