ಚೀಲ ಕಟ್ಟುವ ಮೊದಲು ದಿನ ಎಣಿಸಿ

ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಒಬ್ಬರು ಪರದೇಶಕ್ಕೆ ಹೊರಟರೆ ಚೀಲ ಕಟ್ಟಲು ಅರ್ಧ ಓಣಿಯೇ ಸೇರುತ್ತದೆ. ಶೇಂಗಾ ಹಿಂಡಿ ಯಾವ ಡಬ್ಬಿಯಲ್ಲಿ, ಬೆಳಗಾವಿ ಕುಂದಾ ಎಷ್ಟು ದಿನ ಕೆಡದು, ವಿಮಾನ ಹತ್ತುವುದು ಗೋವೆಯಲ್ಲೋ ಮುಂಬಯಿಯಲ್ಲೋ ಎಂಬ ಲೆಕ್ಕವೆಲ್ಲ ನಡೆಯುತ್ತದೆ. ಆರೋಗ್ಯದ ವಿಚಾರಕ್ಕೆ ಮಾತ್ರ ಹಿಂದೆ ಹೋಗಿಬಂದವರ ಮಾತೇ ಪ್ರಮಾಣ. ಆ ಮಾತುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ತಪ್ಪು.

ತಪ್ಪು ಕಲ್ಪನೆ: “ಮೆಡಿಕಲ್ ಪಾಸ್ ಆಗೇತಿ, ಇನ್ನೇನ್ ಚಿಂತಿ?”

ಸತ್ಯ: ಕೊಲ್ಲಿ ದೇಶಗಳ ಕೆಲಸಕ್ಕೆ ಹೋಗುವವರ ಎದೆಯ ಎಕ್ಸ್-ರೇ ತೆಗೆದು ಕ್ಷಯ, ರಕ್ತ ತೆಗೆದು ಎಚ್ಐವಿ, ಹೆಪಟೈಟಿಸ್ ಬಿ ಮತ್ತು ಸಿ ಇವೆಯೇ ಎಂದು ನೋಡುತ್ತಾರೆ. ಮುಖ್ಯವಾಗಿ ನೀವು ಆ ದೇಶಕ್ಕೆ ರೋಗ ಒಯ್ಯದಿರಲಿ ಎಂಬುದಕ್ಕೆ ಈ ಪರೀಕ್ಷೆ. ಇದರಲ್ಲಿ ಪಾಸಾದ ಮಾತ್ರಕ್ಕೆ ಟೈಫಾಯ್ಡ್, ಹೆಪಟೈಟಿಸ್ ಎ, ಧನುರ್ವಾಯುವಿನ ಲಸಿಕೆ ಆದಂತಲ್ಲ. ಅವುಗಳ ಬಗ್ಗೆ ಹೊರಡುವ ನಾಲ್ಕರಿಂದ ಆರು ವಾರ ಮೊದಲೇ ಡಾಕ್ಟರರನ್ನು ಕೇಳಬೇಕು.

ತಪ್ಪು ಕಲ್ಪನೆ: “ಹೋಗೂ ಹಿಂದಿನ ದಿನ ಸೂಜಿ ಮಾಡಿಸ್ಕೊಂಡ್ರ ಆತು.”

ಸತ್ಯ: ಆಗದು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗುವವರಿಗೆ ಹಳದಿ ಜ್ವರದ ಲಸಿಕೆ ಬೇಕು. ಅದರ ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿದ 10 ದಿನಗಳ ನಂತರ. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಷ್ಟೇ ಇದನ್ನು ಹಾಕುತ್ತಾರೆ. ಹಜ್‌ಗೆ ಹೋಗುವವರೂ ಮೆನಿಂಜೈಟಿಸ್ ಲಸಿಕೆಯನ್ನು ಅಲ್ಲಿ ಇಳಿಯುವ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕು.

ಹಳದಿ ಜ್ವರ ಭಾರತದಲ್ಲಿಲ್ಲ. ಆದರೆ ಅದನ್ನು ಹರಡುವ ಸೊಳ್ಳೆ ಇದೆ. ನಮ್ಮಲ್ಲಿ ಡೆಂಗಿ ತರುವ ಈಡಿಸ್ ಸೊಳ್ಳೆಯೇ ಅದು. ಅದಕ್ಕೇ ಆ ದೇಶಗಳಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಹಳೆಯ ಕಾರ್ಡಿಗೆ ಹತ್ತು ವರ್ಷ ದಾಟಿತೆಂದು ಮತ್ತೆ ಸೂಜಿಗೆ ಓಡಬೇಕಿಲ್ಲ. 2016ರ ಜುಲೈನಿಂದ ಒಂದು ಡೋಸಿನ ಪ್ರಮಾಣಪತ್ರ ಜೀವನಪೂರ್ತಿ ಊರ್ಜಿತ.

ಲಸಿಕೆ ಬೆಳಗಾವಿಗೆ ಹೊಸ ಮಾತೇನಲ್ಲ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ಒಂದು ಕಾಲಕ್ಕೆ ಸಿಡುಬಿನ ಲಸಿಕೆಯೇ ತಯಾರಾಗುತ್ತಿತ್ತು. ಆಗ ವಿದೇಶಕ್ಕೆ ಹೋಗುವವರ ಕೈಯಲ್ಲಿ ಸಿಡುಬಿನ ಲಸಿಕೆಯ ಪ್ರಮಾಣಪತ್ರ ಇರಬೇಕಾಗಿತ್ತು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾಯಿತು.

ತಪ್ಪು ಕಲ್ಪನೆ: “ಹೊಲದಾಗ ದುಡದ ಮೈ ಇದು, ಬಿಸಲು ಏನ್ ಮಾಡತೈತಿ?”

ಸತ್ಯ: ಖಾನಾಪುರದ್ದು ಕಾಡಂಚಿನ, ಮಳೆ ಹೆಚ್ಚಿನ ಸೀಮೆ. ಕೊಲ್ಲಿಯ ಕರಾವಳಿಯಲ್ಲಿ ಬಿಸಿಲಿನ ಜೊತೆ ತೇವವೂ ಸೇರುತ್ತದೆ. ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ. ಬೆವರು ಆರದೆ ಮೈ ತಂಪಾಗದು. ಅಂಥ ಸೆಕೆಗೆ ದೇಹ ಒಗ್ಗಲು ಒಂದೆರಡು ವಾರ ಬೇಕು. ಹೊಸಬರು ಮೊದಲ ದಿನ ಬಿಸಿಲಲ್ಲಿ ಐದರಲ್ಲೊಂದು ಪಾಲು ಕೆಲಸ ಮಾಡಿ, ದಿನದಿನಕ್ಕೆ ಅಷ್ಟಷ್ಟೇ ಏರಿಸಿಕೊಂಡು ಹೋಗುವುದು ಸುರಕ್ಷಿತ. ಬಾಯಾರಲಿ ಎಂದು ಕಾಯದೆ ನೀರು ಕುಡಿಯಬೇಕು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ಕಾನೂನೇ ಇದೆ.

ತಪ್ಪು ಕಲ್ಪನೆ: “ನಮ್ಮ ಗುಳಗಿ, ನಮ್ಮ ಫರಾಳ, ಯಾರ್ ಕೇಳ್ತಾರ?”

ಸತ್ಯ: ಕೇಳುತ್ತಾರೆ. ನೋವಿಗೆ ಕೊಡುವ ಟ್ರಮಡಾಲ್, ಕೆಲವು ಕೆಮ್ಮಿನ ಔಷಧಿಗಳಲ್ಲಿರುವ ಕೊಡೀನ್ ಯುಎಇಯಲ್ಲಿ ನಿಯಂತ್ರಿತ ಔಷಧಗಳು. ಮೊದಲೇ ಅನುಮತಿ ಪಡೆಯಬೇಕು. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಡಬ್ಬಿಗೆ ಸುರುವದೆ ಪಟ್ಟಿಯಲ್ಲೇ ಇಟ್ಟು, ಡಾಕ್ಟರರ ಚೀಟಿಯೊಂದಿಗೆ ಕೈಚೀಲದಲ್ಲಿ ಒಯ್ಯಿರಿ. ಇನ್ಸುಲಿನ್ ಕೂಡ ಕೈಚೀಲದಲ್ಲೇ ಇರಲಿ. ಕೆಳಗಿನ ಲಗೇಜಿನಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು. ಇನ್ನು ಫರಾಳದ ಮಾತು. ಅನಾರಸದ ಮೇಲಿನ ಗಸಗಸೆ ನಮಗೆ ರುಚಿ, ಅಲ್ಲಿಯ ಕಾನೂನಿಗೆ ಅಫೀಮು ಗಿಡದ ಬೀಜ. ಯುಎಇಯಲ್ಲಿ ಅದಕ್ಕೆ ನಿಷೇಧವಿದೆ.

ತಪ್ಪು ಕಲ್ಪನೆ: “ಸೊಳ್ಳಿ ನಮಗೇನ್ ಹೊಸಾದಲ್ಲ. ಬಂದ ಮ್ಯಾಲ ಜ್ವರ ಬಂದ್ರ ಹವಾ ಬದಲಾಗಿದ್ದಕ್ಕ.”

ಸತ್ಯ: ಇಲ್ಲಿ ಸೊಳ್ಳೆ ಕಡಿಸಿಕೊಂಡ ಮಾತ್ರಕ್ಕೆ ಆಫ್ರಿಕಾದ ಮಲೇರಿಯಾದಿಂದ ರಕ್ಷಣೆ ಸಿಗದು. ಡಾಕ್ಟರರು ತಡೆಗುಳಿಗೆ ಬರೆದಿದ್ದರೆ ಊರಿಗೆ ಮರಳಿದ ದಿನವೇ ನಿಲ್ಲಿಸಬಾರದು; ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಪ್ರಾಣಕ್ಕೇ ಎರವಾಗಬಲ್ಲ ಫಾಲ್ಸಿಪಾರಂ ಮಲೇರಿಯಾ ಸಾಮಾನ್ಯವಾಗಿ ಮೂರು ತಿಂಗಳೊಳಗೆ ತಲೆಯೆತ್ತುತ್ತದೆ. ವೈವ್ಯಾಕ್ಸ್ ಮಲೇರಿಯಾ ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ನಂತರವೂ ಏಳಬಲ್ಲದು. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಆಗಬೇಕು.

ಖಾನಾಪುರದ ದವಾಖಾನೆಯಲ್ಲಿ ಯಾರೂ ನಿಮ್ಮ ಪಾಸ್‌ಪೋರ್ಟ್ ತೆಗೆದು ನೋಡುವುದಿಲ್ಲ. ಡಾಕ್ಟರು ಕೇಳಲಿ ಬಿಡಲಿ, ಇಂಥ ದೇಶದಿಂದ ಇಂಥ ದಿನ ಬಂದೆ ಎಂದು ನೀವೇ ಹೇಳಿ. ಟಿಕೆಟ್ ತೆಗೆಸಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಹೊರಡುವ ತಾರೀಖಿಗಿಂತ ಆರು ವಾರ ಹಿಂದೆ ಒಂದು ಗುರುತು, ಹತ್ತು ದಿನ ಹಿಂದೆ ಇನ್ನೊಂದು, ಮರಳಿ ಬಂದ ಮೂರು ತಿಂಗಳಿಗೆ ಮತ್ತೊಂದು ಹಾಕಿಡಿ. ಶೇಂಗಾ ಹಿಂಡಿಯ ಡಬ್ಬಿ ಆಮೇಲೆ ನೋಡಿದರಾಯಿತು.